ಹಂಪಿ, ಪಟ್ಟದಕಲ್ಲು, ಹೊಯ್ಸಳರ ಗುಡಿಗಳು, ಪಶ್ಚಿಮ ಘಟ್ಟ: ನಾಲ್ಕರಲ್ಲಿ ನಿಮ್ಮ ರಜೆಗೆ ಯಾವುದು?

2025ರ ಹೊತ್ತಿಗೆ ಭಾರತದ 44 ತಾಣಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅವುಗಳಲ್ಲಿ ನಾಲ್ಕನ್ನು ಕರ್ನಾಟಕದ ಗಡಿ ದಾಟದೆಯೇ ನೋಡಬಹುದು. ಹಂಪಿ 1986ರಲ್ಲಿ, ಪಟ್ಟದಕಲ್ಲು ಅದರ ಮರುವರ್ಷ, ಪಶ್ಚಿಮ ಘಟ್ಟ 2012ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಈ ಪಟ್ಟಿಗೆ ಬಂದವು. ಮೂರು ನಾಲ್ಕು ದಿನಗಳ ರಜೆ ಸಿಕ್ಕಾಗ ಇವುಗಳಲ್ಲಿ ಯಾವುದಕ್ಕೆ ಹೋಗೋಣ ಎಂದು ನೆಂಟರಿಷ್ಟರು ಕೇಳುತ್ತಾರೆ. ನಾಲ್ಕೂ ಚೆನ್ನಾಗಿವೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪಟ್ಟಿ ಒಂದೇ ಆದರೂ ಅದರಲ್ಲಿ ಕಾಪಾಡಿಕೊಂಡು ಬಂದಿರುವ ವಸ್ತು ಒಂದೇ ಜಾತಿಯದಲ್ಲ. ಹಂಪಿಯಲ್ಲಿ ಉಳಿದಿರುವುದು ಒಂದು ಪಟ್ಟಣ, ಪಟ್ಟದಕಲ್ಲಿನಲ್ಲಿ ಉಳಿದಿರುವುದು ಕಟ್ಟುವ ವಿದ್ಯೆಯ ಪ್ರಯೋಗ, ಹೊಯ್ಸಳರ ಗುಡಿಗಳಲ್ಲಿ ಉಳಿಯ ಕೆಲಸ, ಘಟ್ಟದಲ್ಲಿ ಕಾಡು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಟವರೇ ಹಂಪಿಯನ್ನು ಒಂದು ದಿನದಲ್ಲಿ ಮುಗಿಸಲು ಹೋಗಿ ಬಸವಳಿಯುತ್ತಾರೆ, ಕುದುರೆಮುಖದ ಅರಣ್ಯ ತನಿಖಾ ಠಾಣೆಯಿಂದ ಅನುಮತಿ ಇಲ್ಲದೆ ಹಿಂದಿರುಗುತ್ತಾರೆ.

ಮೊದಲು ನೋಡಬೇಕಾದದ್ದು ವಿಸ್ತಾರ

ಪ್ರವಾಸದ ಪುಸ್ತಿಕೆಗಳು ಕಾಲ, ವಂಶ, ಶೈಲಿಗಳಿಂದ ವಿವರಣೆ ಆರಂಭಿಸುತ್ತವೆ. ಆಯ್ಕೆ ಮಾಡುವವರಿಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಸಂರಕ್ಷಿತ ಪ್ರದೇಶದ ವಿಸ್ತೀರ್ಣ. ಪಟ್ಟದಕಲ್ಲಿನ ತಾಣ 5.56 ಹೆಕ್ಟೇರ್, ಅಂದರೆ ಹದಿನಾಲ್ಕು ಎಕರೆಗೂ ಕಡಿಮೆ. ಒಬ್ಬ ಮಧ್ಯಮ ರೈತನ ಹೊಲದಷ್ಟು. ಹೊಯ್ಸಳರ ಮೂರೂ ದೇವಾಲಯಗಳನ್ನು ಕೂಡಿಸಿದರೆ 10.47 ಹೆಕ್ಟೇರ್. ಹಂಪಿಯದು 4,187 ಹೆಕ್ಟೇರಿಗೂ ಹೆಚ್ಚು, ಅಂದರೆ ಸುಮಾರು 42 ಚದರ ಕಿಲೊಮೀಟರ್. ಪಶ್ಚಿಮ ಘಟ್ಟದ ತಾಣ ನಾಲ್ಕು ರಾಜ್ಯಗಳ 39 ತುಂಡುಗಳನ್ನು ಕೂಡಿಸಿ 7,95,315 ಹೆಕ್ಟೇರ್. ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಪಟ್ಟದಕಲ್ಲನ್ನು ನಿಧಾನವಾಗಿ ನೋಡಿದರೂ ಒಂದು ಬೆಳಗು ಸಾಕು. ಹಂಪಿಗೆ ಎರಡು ರಾತ್ರಿ ತಂಗದೆ ಹೋಗುವುದರಲ್ಲಿ ಅರ್ಥವಿಲ್ಲ. ಘಟ್ಟವನ್ನು 'ನೋಡಿ ಬಂದೆ' ಎಂದು ಯಾರಾದರೂ ಹೇಳಿದರೆ ಯಾವ ತುಂಡನ್ನು ಎಂದು ಕೇಳಬೇಕಾಗುತ್ತದೆ.

ಹಂಪಿ: ನಡೆಯುವವರಿಗೆ, ಸಮಯವಿದ್ದವರಿಗೆ

1336ರಲ್ಲಿ ನೆಲೆಗೊಂಡು 1565ರ ತಾಳಿಕೋಟೆ ಯುದ್ಧದ ನಂತರ ಹಾಳುಬಿದ್ದ ವಿಜಯನಗರದ ರಾಜಧಾನಿಯನ್ನು ದೇವಾಲಯಗಳ ಗುಂಪು ಎಂದುಕೊಂಡು ಹೋದವರಿಗೆ ಹಂಪಿ ಗೊಂದಲ ಹುಟ್ಟಿಸುತ್ತದೆ. ಅದನ್ನು ಊರೆಂದು ನೋಡಬೇಕು. ಹೊಳೆಯ ದಂಡೆಯಲ್ಲಿ ವಿರೂಪಾಕ್ಷ, ಹೇಮಕೂಟ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಪವಿತ್ರ ಕೇಂದ್ರ. ಅಲ್ಲಿಂದ ಮೂರು ನಾಲ್ಕು ಕಿಲೊಮೀಟರ್ ದೂರದಲ್ಲಿ, ಕಮಲಾಪುರದ ಕಡೆಗೆ, ಮಹಾನವಮಿ ದಿಬ್ಬ, ಹಜಾರರಾಮ ದೇವಾಲಯ, ಕಮಲ ಮಹಲ್, ಆನೆಲಾಯಗಳಿರುವ ರಾಜಕೇಂದ್ರ. ತುಂಗಭದ್ರೆಯ ಆಚೆ ದಡದಲ್ಲಿ ಅವೆರಡಕ್ಕಿಂತ ಹಳೆಯದಾದ ಆನೆಗೊಂದಿ. ಈ ಮೂರಕ್ಕೂ ಒಂದೊಂದು ದಿನ ಕೊಟ್ಟರೆ ಹಂಪಿ ತಾನಾಗಿ ಅರ್ಥವಾಗುತ್ತ ಹೋಗುತ್ತದೆ. ಒಂದೇ ದಿನವಿದ್ದರೆ ರಾಜಕೇಂದ್ರವನ್ನು ಬಿಟ್ಟು ಹೊಳೆಯ ದಂಡೆಯನ್ನಷ್ಟೇ ಹಿಡಿಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ವಿರೂಪಾಕ್ಷದಿಂದ ವಿಠ್ಠಲದವರೆಗೆ ಹೊಳೆಯ ಪಕ್ಕದ ದಾರಿಯಲ್ಲಿ ನಡೆದು ಹೋಗುವುದರಲ್ಲಿ ಸಿಗುವುದು ಆಟೊದಲ್ಲಿ ಹದಿನೈದು ಸ್ಮಾರಕಗಳ ಮುಂದೆ ಇಳಿದು ಹತ್ತುವುದರಲ್ಲಿ ಸಿಗುವುದಿಲ್ಲ.

ಎಲ್ಲರೂ ಹುಡುಕುವುದು ಕಲ್ಲಿನ ರಥವನ್ನು. ಐವತ್ತು ರೂಪಾಯಿ ನೋಟಿನ ಹಿಂಬದಿಗೆ ಬಂದ ಮೇಲೆ ಅದರ ಮುಂದಿನ ಸಾಲು ಇನ್ನೂ ಉದ್ದವಾಗಿದೆ. ನನಗೆ ಹಂಪಿಯ ಜಾಣ್ಮೆ ಕಾಣುವುದು ನೀರಿನ ಕೆಲಸದಲ್ಲಿ. ರಾಜಕೇಂದ್ರದ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯೊಂದಿದೆ. ಅದು ಸುತ್ತಲಿನ ಕಣಶಿಲೆಯದಲ್ಲ, ಕಪ್ಪು ಕಲ್ಲಿನದು. ಬಾಗಿ ನೋಡಿದರೆ ಮೆಟ್ಟಿಲುಗಳ ಕಲ್ಲುಗಳ ಮೇಲೆ ಸಣ್ಣ ಗುರುತುಗಳು ಕಾಣುತ್ತವೆ: ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಎಂದು ಕಲ್ಲುಕುಟಿಗರು ಜೋಡಣೆಗೆ ಮೊದಲೇ ಕೊರೆದಿಟ್ಟ ಲೆಕ್ಕ ಅದು. ಅಲ್ಲೇ ಕಲ್ಲುಕಂಬಗಳ ಮೇಲೆ ಸಾಗುವ ಕಲ್ಲಿನ ತೋಡುಗಾಲುವೆ ಅರಮನೆಯ ಕೊಳಗಳಿಗೆ ನೀರು ಹಾಯಿಸುತ್ತಿತ್ತು. ಆ ಕಾಲದ ತುರ್ತು ಕಾಲುವೆಯಂತೂ ಈಗಲೂ ಹರಿಯುತ್ತಿದ್ದು, ಸ್ಮಾರಕಗಳ ನಡುವೆ ಕಾಣುವ ಬಾಳೆ ತೋಟ, ಗದ್ದೆಗಳು ಅದರ ನೀರಿನಲ್ಲೇ ಬೆಳೆಯುತ್ತಿವೆ. ಇನ್ನೊಂದನ್ನು ಮಕ್ಕಳಿದ್ದರೆ ತಪ್ಪಿಸಬಾರದು. ವಿರೂಪಾಕ್ಷ ದೇವಾಲಯದ ಹಿಂಬದಿಯಲ್ಲಿ ಕೆಲವು ಮೆಟ್ಟಿಲು ಹತ್ತಿದರೆ ಸಿಗುವ ಕತ್ತಲೆಯ ಸಣ್ಣ ಕೋಣೆಯಲ್ಲಿ, ಗೋಡೆಯ ಕಿಂಡಿಯಿಂದ ಬರುವ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರದ ನೆರಳನ್ನು ತಲೆಕೆಳಗಾಗಿ ಬೀಳಿಸುತ್ತದೆ. ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಉಪಕರಣ ಸಿಗಲಾರದು.

ಹಂಪಿಯ ತೊಂದರೆ ಬಿಸಿಲು. ಮಾರ್ಚ್ ಕಳೆದ ಮೇಲೆ ಬಂಡೆಗಳು ಸಂಜೆ ಏಳರವರೆಗೂ ಕಾವು ಉಗುಳುತ್ತಿರುತ್ತವೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಂದೇ ಬಾಟಲಿ ನೀರು ಹಿಡಿದು ಮಾತಂಗ ಬೆಟ್ಟ ಹತ್ತಿದ ತಪ್ಪನ್ನು ನಾನು ಮಾಡಿದ್ದೇನೆ; ತುದಿಯಲ್ಲಿ ಕಂಡ ನೋಟಕ್ಕಿಂತ ಇಳಿಯುವಾಗ ಮಂಟಪವೊಂದರ ನೆರಳಿನಲ್ಲಿ ಕುಳಿತ ಅರ್ಧ ಗಂಟೆಯೇ ನೆನಪಿನಲ್ಲಿ ಉಳಿದಿದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಎಲ್ಲರಿಗೂ ಗೊತ್ತಿರುವುದರಿಂದ ಆಗ ಜನಜಂಗುಳಿ ಹೆಚ್ಚು. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಅಲ್ಲಿ ಮಳೆ ಕಡಿಮೆ, ಮೋಡ ಹೆಚ್ಚು, ಬಂಡೆಗಳ ನಡುವೆ ಹಸಿರು. ಆದರೆ ಆ ದಿನಗಳಲ್ಲಿ ಮೇಲಿನ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ, ಹೊಳೆಯಂಚಿನ ದಾರಿಯೂ ಸಿಗುವುದಿಲ್ಲ. ಹೀಗಾಗಿ ಆನೆಗೊಂದಿಯನ್ನು ಸೇರಿಸಿಕೊಳ್ಳಬೇಕೆಂದಿರುವವರು ರಸ್ತೆಯ ಸುತ್ತುದಾರಿಗೂ ಸಮಯ ಇಟ್ಟುಕೊಳ್ಳಬೇಕು.

ಖರ್ಚಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ವಿಠ್ಠಲ ದೇವಾಲಯಕ್ಕೆ ಪಡೆದ 40 ರೂಪಾಯಿಯ ಟಿಕೆಟ್ಟೇ ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ನಡೆಯುತ್ತದೆ, ಆದ್ದರಿಂದ ಆ ಎರಡನ್ನು ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಪಟ್ಟದಕಲ್ಲು: ಎರಡೇ ದಿನವಿದ್ದರೆ ಇದೇ

ಹಂಪಿಯ ಹೆಸರಿನ ಮುಂದೆ ಪಟ್ಟದಕಲ್ಲಿನ ಹೆಸರು ಮಂಕಾಗಿ ಕಾಣುವುದು ನಿಜ. ಹಾಗಿದ್ದೂ ಎರಡು ದಿನ ಮಾತ್ರ ಕೈಯಲ್ಲಿರುವವರಿಗೆ ನಾನು ಹಂಪಿಯನ್ನಲ್ಲ, ಪಟ್ಟದಕಲ್ಲನ್ನೇ ಹೇಳುತ್ತೇನೆ. ಮಲಪ್ರಭೆಯ ದಡದಲ್ಲಿ ಒಂದೇ ಆವರಣದೊಳಗೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವಷ್ಟು ಹತ್ತಿರದಲ್ಲಿ, ಉತ್ತರದ ನಾಗರ ಶಿಖರವೂ ದಕ್ಷಿಣದ ದ್ರಾವಿಡ ವಿಮಾನವೂ ನಿಂತಿವೆ. ಗಳಗನಾಥದ ಶಿಖರ ಬಾಗುತ್ತ ಮೇಲೇರಿ ನೆಲ್ಲಿಕಾಯಿಯಂತಹ ಆಮಲಕದಲ್ಲಿ ಮುಗಿಯುತ್ತದೆ. ಅದರ ಪಕ್ಕದ ಸಂಗಮೇಶ್ವರ ಅಂತಸ್ತು ಅಂತಸ್ತಾಗಿ, ಮೆಟ್ಟಿಲಿಟ್ಟಂತೆ ಏರುತ್ತದೆ. ದೇವಾಲಯದ ಶೈಲಿಗಳ ಬಗ್ಗೆ ಏನೂ ಓದದ ಹೈಸ್ಕೂಲಿನ ಹುಡುಗಿಯನ್ನು ಇವೆರಡರ ನಡುವೆ ನಿಲ್ಲಿಸಿ ಏನು ವ್ಯತ್ಯಾಸ ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಸರಿಯಾಗಿ ಹೇಳಬಲ್ಲಳು. ದೇಶದ ಹೆಚ್ಚಿನ ಕಡೆಗಳಲ್ಲಿ ಈ ಹೋಲಿಕೆ ಮಾಡಬೇಕೆಂದರೆ ರೈಲು ಹತ್ತಬೇಕಾಗುತ್ತದೆ. ಪಾಪನಾಥ ದೇವಾಲಯದಲ್ಲಂತೂ ಎರಡೂ ಒಂದೇ ಕಟ್ಟಡದಲ್ಲಿ ಬೆರೆತಿವೆ. ಗೋಡೆ ದಕ್ಷಿಣದ್ದು, ಶಿಖರ ಉತ್ತರದ್ದು. ಅದರ ಹೊರಗೋಡೆಯ ರಾಮಾಯಣದ ಶಿಲ್ಪಗಳ ಪಕ್ಕದಲ್ಲಿ ಪಾತ್ರಗಳ ಹೆಸರುಗಳನ್ನೂ ಕೊರೆದಿದ್ದಾರೆ.

ಇಲ್ಲಿಯ ದೊಡ್ಡ ಗುಡಿ ವಿರೂಪಾಕ್ಷ. ಕಂಚಿಯ ಪಲ್ಲವರ ಮೇಲೆ ಬಾದಾಮಿ ಚಾಲುಕ್ಯರ ದೊರೆ ಎರಡನೆಯ ವಿಕ್ರಮಾದಿತ್ಯ ಸಾಧಿಸಿದ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಇದನ್ನು ಕಟ್ಟಿಸಿದಳು; ಅವಳ ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನವನ್ನು ಕಟ್ಟಿಸಿದಳು. ಅಕ್ಕ ತಂಗಿಯರ ಗುಡಿಗಳನ್ನು ಒಟ್ಟಿಗೆ ನೋಡಿದರೆ ಎರಡನೆಯದು ಮೊದಲನೆಯದರ ಚಿಕ್ಕ ಪ್ರತಿಯೋ ಅಥವಾ ಮೇಲಾಟವೋ ಎಂಬ ಚರ್ಚೆ ಶುರುವಾಗದೆ ಇರದು. ಕಂಚಿಯನ್ನು ಗೆದ್ದವರ ಗುಡಿ ಕಂಚಿಯ ಕೈಲಾಸನಾಥವನ್ನೇ ಮಾದರಿಯಾಗಿ ಇಟ್ಟುಕೊಂಡಂತಿದೆ, ಮತ್ತು ಎಲ್ಲೋರದ ಕೈಲಾಸವನ್ನು ಬಂಡೆಯಿಂದ ಕಡೆದವರು ಈ ವಿರೂಪಾಕ್ಷವನ್ನು ಕಂಡವರಂತಿದೆ. ಶಾಸನದಲ್ಲಿ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರು, ಅವನಿಗೆ ಸಿಕ್ಕ ತ್ರಿಭುವನಾಚಾರಿ ಎಂಬ ಬಿರುದು ಉಳಿದಿವೆ. ಎಂಟನೆಯ ಶತಮಾನದ ಕಟ್ಟಡದ ಶಿಲ್ಪಿಯ ಹೆಸರು ನಮಗೆ ತಿಳಿದಿರುವುದು ಸಣ್ಣ ಮಾತಲ್ಲ.

ಆದರೆ ಪಟ್ಟದಕಲ್ಲಿಗೆ ಮಾತ್ರವೇ ಹೋಗಿ ಬರುವುದು ಪಟ್ಟಿಯ ಮೇಲಿನ ಅತಿಭಕ್ತಿ. ಇಪ್ಪತ್ತು ಚಿಲ್ಲರೆ ಕಿಲೊಮೀಟರ್ ದೂರದ ಬಾದಾಮಿಯ ಗುಹೆಗಳೂ ಇನ್ನೊಂದು ದಿಕ್ಕಿನಲ್ಲಿ ಅದಕ್ಕಿಂತ ಹತ್ತಿರವಿರುವ ಐಹೊಳೆಯ ಗುಡಿಗಳೂ ವಿಶ್ವ ಪರಂಪರೆಯ ಪಟ್ಟಿಯಲ್ಲಿಲ್ಲ. ಮೂರನ್ನೂ ಸೇರಿಸಿದ ಪ್ರಸ್ತಾವ ಭಾರತದ ಸಂಭಾವ್ಯ ಪಟ್ಟಿಯಲ್ಲಿ ಉಳಿದಿದೆ. ಹಾಗೆಂದು ಅವು ಕಡಿಮೆಯವಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ, ಐಹೊಳೆಯ ಮೇಗುಟಿಯಲ್ಲಿ ಕಾಳಿದಾಸ ಭಾರವಿಯರನ್ನು ಹೆಸರಿಸುವ ರವಿಕೀರ್ತಿಯ 634ರ ಶಾಸನವಿದೆ. ಬಾದಾಮಿಯಲ್ಲಿ ತಂಗಿ ಮೊದಲ ದಿನ ಗುಹೆಗಳನ್ನೂ ಅಗಸ್ತ್ಯ ತೀರ್ಥದ ಸುತ್ತಲಿನ ಗುಡಿಗಳನ್ನೂ, ಎರಡನೆಯ ದಿನ ಬೆಳಿಗ್ಗೆ ಐಹೊಳೆ, ಮಧ್ಯಾಹ್ನದ ಬಿಸಿಲಿಳಿದ ಮೇಲೆ ಪಟ್ಟದಕಲ್ಲನ್ನು ನೋಡುವುದು ಒಳ್ಳೆಯ ಕ್ರಮ. ಐಹೊಳೆಯ ತಡಕಾಟವನ್ನು ಕಂಡ ಮೇಲೆ ಪಟ್ಟದಕಲ್ಲಿನ ಹಿಡಿತ ಅರಿವಿಗೆ ಬರುತ್ತದೆ. ಪಟ್ಟದಕಲ್ಲಿನಲ್ಲಿ ಒಳ್ಳೆಯ ವಸತಿಯನ್ನು ನಿರೀಕ್ಷಿಸಬೇಡಿ. ಮಲಪ್ರಭೆಗೆ ನೆರೆ ಬಂದ ವರ್ಷಗಳಲ್ಲಿ ನೀರು ಗುಡಿಗಳ ಆವರಣಕ್ಕೇ ನುಗ್ಗುವುದುಂಟು, 2019ರ ಆಗಸ್ಟಿನಲ್ಲಿ ಹಾಗಾಯಿತು. ಮಳೆಗಾಲದಲ್ಲಿ ಹೊರಡುವವರು ಹೊಳೆಯ ಸುದ್ದಿ ತಿಳಿದುಕೊಂಡು ಹೊರಡುವುದು ಲೇಸು.

ಹೊಯ್ಸಳರ ಮೂರು ಗುಡಿಗಳು: ಹತ್ತಿರದಿಂದ ನೋಡುವವರಿಗೆ

ಹಂಪಿಯನ್ನು ದೂರದಿಂದ ನೋಡಬೇಕು, ಹೊಯ್ಸಳರ ಗುಡಿಯನ್ನು ಮೊಳದಷ್ಟು ದೂರದಿಂದ. ಕೆಲಸ ನಡೆದಿರುವುದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ಉಳಿಗೆ ಕೊಟ್ಟ ಸ್ವಾತಂತ್ರ್ಯವನ್ನು ಹಂಪಿಯ ಕಣಶಿಲೆ ಎಂದೂ ಕೊಡಲಾರದು. ಹಳೇಬೀಡಿನ ಗೋಡೆಯಲ್ಲಿ ಬುಡದಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಅವುಗಳ ಮೇಲೆ ಪುರಾಣದ ಕಥೆಗಳು, ಮಕರ, ಹಂಸ ಹೀಗೆ ಪಟ್ಟಿಕೆ ಪಟ್ಟಿಕೆಯಾಗಿ ಸಾಗುತ್ತವೆ. ಆನೆಗಳ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಐದು ಅಡಿಯಷ್ಟು ಉದ್ದವನ್ನು ಮಾತ್ರ ನೋಡಿ: ಒಂದರ ಸೊಂಡಿಲು ಮುಂದಿನದರ ಬಾಲಕ್ಕೆ ತಾಗಿದೆ, ಇನ್ನೊಂದು ಕಾಲು ಎತ್ತಿದೆ, ಮತ್ತೊಂದರ ಮಾವುತ ಹಿಂದಕ್ಕೆ ತಿರುಗಿದ್ದಾನೆ. ಇದನ್ನು ಮಾಡದೆ ಗುಡಿಯನ್ನು ಸುತ್ತಿ ಬಂದವರಿಗೆ ಎಲ್ಲವೂ ಕಸೂತಿಯಂತೆ ಕಾಣುತ್ತದೆ, ಅರ್ಧ ಗಂಟೆಯಲ್ಲಿ ಬೇಸರವೂ ಬರುತ್ತದೆ.

ಮೂರರಲ್ಲಿ ಒಂದನ್ನೇ ಆರಿಸಬೇಕಾದಾಗ ನಿಜವಾದ ಇಕ್ಕಟ್ಟು ಬರುತ್ತದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ಇಂದಿಗೂ ಪೂಜೆ ನಡೆಯುವ ಗುಡಿ. ಗಂಟೆಯ ಸದ್ದು, ತುಳಸಿಯ ವಾಸನೆ, ದರ್ಶನದ ಸಾಲು ಎಲ್ಲವೂ ಶಿಲ್ಪದ ಜೊತೆಗೇ ಸಿಗುತ್ತವೆ. ಇಲ್ಲಿಯ ಹೆಸರಾಂತ ಮದನಿಕೆಯರು 42, ಅವರಲ್ಲಿ ನಾಲ್ವರು ಒಳಗೆ, ಉಳಿದವರು ಹೊರಗೆ ಸೂರಿನ ಕೆಳಗೆ, ಕಣ್ಣಳತೆಗಿಂತ ಬಹಳ ಮೇಲೆ. ದುರ್ಬೀನು ಇಲ್ಲದೆ ಹೋದರೆ ಅವರ ಬಳೆ, ಬೆರಳು, ಕೈಯ ಕನ್ನಡಿಗಳು ಬರಿಯ ಆಕಾರಗಳಾಗಿಬಿಡುತ್ತವೆ. ಗರ್ಭಗುಡಿಯ ಮುಂದಿನ ಕಂಬಗಳ ಮಂಟಪವಾದ ನವರಂಗದ ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ಮನೆ ನಿಂತರೆ ತಿರುಗಣೆಯಲ್ಲಿ ಕಡೆದ ಕಂಬಗಳ ಹೊಳಪು ನಿಧಾನವಾಗಿ ಮೇಲೇಳುತ್ತದೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಜೋಡಿ ಗುಡಿಗಳು, ಎದುರಿಗೆ ಎರಡು ನಂದಿಗಳು, ಹೊರಗೋಡೆಯ ಶಿಲ್ಪಗಳ ಸಂಪತ್ತಿನಲ್ಲಿ ಮೂರರಲ್ಲೂ ಮೊದಲನೆಯದು. ಈ ಎರಡಕ್ಕೂ ಇಂದು ಶಿಖರವಿಲ್ಲ. ಹೊಯ್ಸಳ ಗುಡಿಯೊಂದು ಪೂರ್ತಿಯಾಗಿ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಸೋಮನಾಥಪುರಕ್ಕೇ ಹೋಗಬೇಕು. ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಈ ಹದಿಮೂರನೆಯ ಶತಮಾನದ ತ್ರಿಕೂಟದಲ್ಲಿ, ಅಂದರೆ ಮೂರು ಗರ್ಭಗುಡಿಗಳ ಗುಡಿಯಲ್ಲಿ, ಮೂರೂ ಶಿಖರಗಳು ಉಳಿದಿವೆ, ಸುತ್ತಲಿನ ಸಾಲುಮಂಟಪವೂ ಉಳಿದಿದೆ. ಮೂರ್ತಿಗಳು ಭಗ್ನವಾದದ್ದರಿಂದ ಪೂಜೆಯಿಲ್ಲ, ಜನಸಂದಣಿಯೂ ಕಡಿಮೆ. ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆಯಾದ ಜಗತಿಯ ಮೇಲೆ ಒಂದು ಸುತ್ತು ಬಂದರೆ ಗೋಡೆಯ ಪ್ರತಿ ಮಡಿಕೆ ಬೆಳಕನ್ನು ಹೇಗೆ ಬೇರೆ ಬೇರೆಯಾಗಿ ಹಿಡಿಯುತ್ತದೆ ಎಂಬುದು ಇಲ್ಲಿ ತಿಳಿಯುವಷ್ಟು ಚೆನ್ನಾಗಿ ಬೇರೆಡೆ ತಿಳಿಯದು.

ಹಾಗಾಗಿ ಭಕ್ತಿಯೂ ಸೇರಿದ ಪ್ರವಾಸಕ್ಕೆ ಬೇಲೂರು, ಶಿಲ್ಪವೇ ಗುರಿಯಾದವರಿಗೆ ಹಳೇಬೀಡು, ವಾಸ್ತುವನ್ನು ಅರಿಯಲು ಹಾಗೂ ಮೈಸೂರಿನಲ್ಲಿ ತಂಗಿದವರಿಗೆ ಸೋಮನಾಥಪುರ. ಬೇಲೂರು ಹಳೇಬೀಡುಗಳ ನಡುವಿನ ದಾರಿ ಹದಿನಾರು ಕಿಲೊಮೀಟರ್ ಮಾತ್ರವಾದ್ದರಿಂದ ಅವನ್ನು ಬೇರ್ಪಡಿಸುವ ಅಗತ್ಯವಿಲ್ಲ. ಸೋಮನಾಥಪುರ ಮೈಸೂರಿನಿಂದ ಸುಮಾರು 35 ಕಿಲೊಮೀಟರ್ ದೂರದಲ್ಲಿ, ಬೇರೆಯದೇ ದಿಕ್ಕಿನಲ್ಲಿದೆ. ಹಳೇಬೀಡಿಗೆ ಹೋದವರು ಸಮೀಪದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ಬಿಡಬಾರದು, ಅಲ್ಲಿಯ ಕಂಬಗಳಲ್ಲಿ ಮುಖ ಕಾಣುತ್ತದೆ. ಮಾರ್ಗದರ್ಶಿಗಳು ಎಲ್ಲವನ್ನೂ ಜಕಣಾಚಾರಿಯ ಲೆಕ್ಕಕ್ಕೆ ಬರೆಯುತ್ತಾರೆ. ಕಥೆ ಸೊಗಸಾಗಿದೆ, ಕೇಳಿ ಆನಂದಿಸಬಹುದು. ಆದರೆ ಬೇಲೂರಿನ ಶಿಲ್ಪಗಳ ಪೀಠದಲ್ಲಿ ಕೆತ್ತಿರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರವು, ಸೋಮನಾಥಪುರದಲ್ಲಿ ಮತ್ತೆ ಮತ್ತೆ ಕಾಣುವುದು ಮಲ್ಲಿತಮ್ಮನ ಹೆಸರು. ಆ ಅಕ್ಷರಗಳನ್ನು ತೋರಿಸಿ ಎಂದು ಕೇಳಿ ನೋಡಿ, ಒಳ್ಳೆಯ ಮಾರ್ಗದರ್ಶಿ ಯಾರೆಂದು ತಕ್ಷಣ ತಿಳಿಯುತ್ತದೆ.

ಪಶ್ಚಿಮ ಘಟ್ಟ: ಪಟ್ಟಿಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು

ಘಟ್ಟದ ವಿಷಯದಲ್ಲಿ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಜೋಗ, ಬಂಡೀಪುರ, ನಾಗರಹೊಳೆ, ಮುಳ್ಳಯ್ಯನಗಿರಿ ಇವು ಯಾವುವೂ ವಿಶ್ವ ಪರಂಪರೆಯ ತಾಣದ ಭಾಗವಲ್ಲ. 39 ತುಂಡುಗಳಲ್ಲಿ ಕರ್ನಾಟಕದವು ಹತ್ತು. ಕೊಡಗಿನ ಸುತ್ತಲಿನ ಗುಂಪಿನಲ್ಲಿ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳು, ಪಡಿನಾಲ್ಕುನಾಡು ಮತ್ತು ಕೇರ್ತಿ ಮೀಸಲು ಅರಣ್ಯಗಳಿವೆ. ಕುದುರೆಮುಖದ ಗುಂಪಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ವನ್ಯಧಾಮ, ಸೋಮೇಶ್ವರ, ಆಗುಂಬೆ, ಬಾಳೆಹಳ್ಳಿ ಮೀಸಲು ಅರಣ್ಯಗಳಿವೆ. ಪಟ್ಟಿಗೆ ಸೇರಿಸುವುದನ್ನು ಅಂದಿನ ರಾಜ್ಯ ಸರ್ಕಾರ ವಿರೋಧಿಸಿತ್ತು ಎಂಬುದನ್ನೂ ನೆನಪಿಡಬೇಕು; ಕಲ್ಲಿನ ಗುಡಿಗೆ ಸಿಗುವ ಮನ್ನಣೆ ಎಲ್ಲರಿಗೂ ಹಬ್ಬ, ಕಾಡಿಗೆ ಸಿಗುವ ಮನ್ನಣೆ ಹಲವರಿಗೆ ನಿರ್ಬಂಧದ ಭಯ.

ಇಲ್ಲಿ 'ನೋಡುವ' ವಸ್ತುವೊಂದು ಇಲ್ಲ. ಯುನೆಸ್ಕೊ ಮೆಚ್ಚಿದ್ದು ಜೀವಿಗಳು ವಿಕಾಸಗೊಂಡ ಬಗೆಯನ್ನು, ಬೇರೆಲ್ಲೂ ಇಲ್ಲದ ಪ್ರಭೇದಗಳ ದಟ್ಟಣೆಯನ್ನು. ಅದು ಜಲಪಾತದಂತೆ ಎದುರು ನಿಂತು ಕಾಣಿಸಿಕೊಳ್ಳುವುದಿಲ್ಲ. ಸಿಂಗಳೀಕ ಕಾಣಲೇಬೇಕೆಂದು ಹೋದವರು ಬೇಸರದಿಂದ ಬರುತ್ತಾರೆ, ಹುಲ್ಲುಗಾವಲಿನ ನಡುವಣ ಕಣಿವೆಗಳಲ್ಲಿ ಮಾತ್ರ ಶೋಲಾ ಎಂಬ ಕುಳ್ಳು ಮರಗಳ ನಿತ್ಯಹಸಿರು ಕಾಡು ಏಕೆ ಅಡಗಿದೆ ಎಂದು ಯೋಚಿಸುತ್ತ ನಡೆದವರು ತೃಪ್ತರಾಗಿ ಬರುತ್ತಾರೆ. ನಡೆಯಬಲ್ಲವರಿಗೆ ಕುದುರೆಮುಖವೇ ಮೊದಲ ಆಯ್ಕೆ. ಹೋಗಿ ಬರುವ ದಾರಿ ಸುಮಾರು ಇಪ್ಪತ್ತು ಕಿಲೊಮೀಟರ್, ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡವಾಗಿ ಪಡೆಯಬೇಕು, ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ಚಾರಣವನ್ನು ಮುಚ್ಚುವುದುಂಟು. 2005ರ ಕೊನೆಯವರೆಗೂ ಇಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು; ಸುಪ್ರೀಂ ಕೋರ್ಟಿನ ಆದೇಶದಿಂದ ಅದು ನಿಂತ ಮೇಲೆ ಉಳಿದ ನಿರ್ಜನ ಪಟ್ಟಣವನ್ನು ನೋಡುವುದೂ ಒಂದು ಪಾಠ. ಪುಷ್ಪಗಿರಿಯ ಕುಮಾರಪರ್ವತ ಇದಕ್ಕಿಂತ ಕಠಿಣ, ಅಭ್ಯಾಸವಿಲ್ಲದವರು ಅಲ್ಲಿಂದ ಆರಂಭಿಸಬಾರದು.

ನಡೆಯಲಾರದವರಿಗೆ ಆಗುಂಬೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಜುಲೈ ತಿಂಗಳ ಒಂದು ದಿನ ಜಗಲಿಯಲ್ಲಿ ಕುಳಿತರೂ ಘಟ್ಟ ಏನೆಂಬುದು ತಿಳಿಯುತ್ತದೆ. ಇಂಬಳಗಳು ಕಾಲಿಗೆ ಹತ್ತದೆ ಬಿಡವು. ಉಪ್ಪು, ಸುಣ್ಣ, ಉದ್ದನೆಯ ಕಾಲುಚೀಲ ಇದ್ದರೆ ಹೆದರಬೇಕಾಗಿಲ್ಲ. ಸೂರ್ಯಾಸ್ತಕ್ಕಾಗಿ ಬರುವವರು ಮಳೆಗಾಲವನ್ನು ಬಿಟ್ಟು ಬರಬೇಕು ಎಂಬುದನ್ನು ಹೇಳುವ ಅಗತ್ಯವಿಲ್ಲವೆಂದುಕೊಂಡಿದ್ದೆ, ಆದರೆ ಪ್ರತಿ ಆಗಸ್ಟಿನಲ್ಲೂ ಮಂಜಿನ ಗೋಡೆಯ ಮುಂದೆ ನಿಂತು ಕಾಯುವವರನ್ನು ನೋಡುತ್ತೇನೆ. ತಲಕಾವೇರಿಗೆ ಹೋಗುವ ಯಾತ್ರಿಕರು ಕುಂಡಿಕೆಯ ತೀರ್ಥ ತೆಗೆದುಕೊಂಡು ಹಿಂದಿರುಗುತ್ತಾರೆ. ಸುತ್ತಲಿನ ಕಾಡೇ ವಿಶ್ವ ಪರಂಪರೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಜೊತೆಗೆ ಬರುವವರು ಯಾರು

ಮಂಡಿನೋವಿನ ಹಿರಿಯರಿದ್ದರೆ ಪಟ್ಟದಕಲ್ಲು ಎಲ್ಲಕ್ಕಿಂತ ಅನುಕೂಲ, ಆವರಣ ಸಮತಟ್ಟಾಗಿದೆ, ಹುಲ್ಲುಹಾಸಿದೆ. ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ. ಹೊಯ್ಸಳರ ಗುಡಿಗಳಲ್ಲಿ ಜಗತಿ ಹತ್ತಲು ಕೆಲವೇ ಮೆಟ್ಟಿಲುಗಳು, ಆದರೆ ಪಾದರಕ್ಷೆ ಬಿಟ್ಟು ನಡೆಯಬೇಕಾದ ಕಡೆ ಮಧ್ಯಾಹ್ನದ ಕಲ್ಲು ಕಾಲು ಸುಡುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಂಡರೆ ಸಾಕು. ಹಂಪಿಯಲ್ಲಿ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ವಾಹನದ ವ್ಯವಸ್ಥೆಯಿದೆ, ಆದರೂ ಇಡೀ ದಿನದ ಓಡಾಟ ಹಿರಿಯರಿಗೆ ಹೆಚ್ಚಾಗುತ್ತದೆ. ಚಿಕ್ಕ ಮಕ್ಕಳು ಇದಕ್ಕೆ ತದ್ವಿರುದ್ಧ: ಕಸೂತಿಯಂತಹ ಗೋಡೆಯ ಮುಂದೆ ಅವರು ಹತ್ತು ನಿಮಿಷ ನಿಲ್ಲರು, ಹಂಪಿಯ ಬಂಡೆಗಳ ನಡುವೆ ಇಡೀ ದಿನ ದಣಿಯರು.

ಕಾಯ್ದೆ ಎರಡು ಬಗೆ

ಕಲ್ಲಿನ ತಾಣಗಳನ್ನು ಕಾಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಗುಡಿಯ ಪಕ್ಕದಲ್ಲೇ ಒಂದು ಒಳ್ಳೆಯ ಹೋಟೆಲ್ ಏಕಿಲ್ಲ ಎಂದು ಗೊಣಗುವವರಿಗೆ ಉತ್ತರ ಇದೇ. ತ್ರಿಪಾದಿ, ಡ್ರೋನ್‌ಗಳಿಗೆ ಬೇರೆ ಅನುಮತಿ ಬೇಕು. ವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ತಟ್ಟಲು ಬಿಡುವುದಿಲ್ಲ, ಬಿಡಲೂಬಾರದು. ಘಟ್ಟದ ತಾಣಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅರಣ್ಯ ಕಾಯ್ದೆ ಅನ್ವಯಿಸುತ್ತವೆ, ಅಲ್ಲಿ ಅನುಮತಿ ಇಲ್ಲದ ನಡಿಗೆ ಅತಿಕ್ರಮಣವೇ. ಯುನೆಸ್ಕೊದ ಪಟ್ಟಿ ಹೊಸ ಕಾಯ್ದೆಯನ್ನು ತರುವುದಿಲ್ಲ, ಆದರೆ ಮುಜುಗರವನ್ನಂತೂ ತರಬಲ್ಲದು. ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟ ಕಾರಣಕ್ಕೆ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರವರೆಗೂ ಅಲ್ಲೇ ಇತ್ತು.

ಎರಡನ್ನು ಜೋಡಿಸುವುದಾದರೆ

ಒಂದು ವಾರ ಸಿಕ್ಕವರು ನಾಲ್ಕನ್ನೂ ಮುಗಿಸಲು ಹೊರಡುವ ಬದಲು ಎರಡೆರಡಾಗಿ ಜೋಡಿಸಿಕೊಳ್ಳುವುದು ಮೇಲು. ಉತ್ತರದ ಜೋಡಿ ಪಟ್ಟದಕಲ್ಲು ಮತ್ತು ಹಂಪಿ. ನಡುವಿನ ದೂರ ಸುಮಾರು 140 ಕಿಲೊಮೀಟರ್. ಬಾದಾಮಿಯಿಂದ ಆರಂಭಿಸಿ ಹಂಪಿಯಲ್ಲಿ ಮುಗಿಸಿದರೆ ಕಾಲದ ಕ್ರಮವೂ ಉಳಿಯುತ್ತದೆ, ಸಣ್ಣದನ್ನು ನೋಡಿದ ಕಣ್ಣಿಗೆ ದೊಡ್ಡದು ದಕ್ಕುತ್ತದೆ. ಹಂಪಿಯನ್ನು ಮೊದಲು ನೋಡಿದವರಿಗೆ ಪಟ್ಟದಕಲ್ಲು ಚಿಕ್ಕದಾಗಿ ಕಾಣುವ ಅಪಾಯವಿದೆ. ಇದಕ್ಕೆ ಡಿಸೆಂಬರ್ ಒಳ್ಳೆಯ ತಿಂಗಳು. ದಕ್ಷಿಣದ ಜೋಡಿ ಬೇಲೂರು ಹಳೇಬೀಡು ಮತ್ತು ಕುದುರೆಮುಖ, ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆಯಿಂದ ಇದು ಸುಗಮ. ಬೆಳಿಗ್ಗೆ ಹಳೇಬೀಡು, ಮಧ್ಯಾಹ್ನದೊಳಗೆ ಬೇಲೂರು ಮುಗಿಸಿ ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಹೊರಟರೆ ಕತ್ತಲಾಗುವ ಮೊದಲು ಕಳಸ ಸೇರಬಹುದು. ಅಲ್ಲಿ ರಾತ್ರಿ ತಂಗಿದರೆ, ಮುಂಗಡ ಅನುಮತಿಯ ಚೀಟಿ ಮತ್ತು ಗುರುತಿನ ಚೀಟಿ ಹಿಡಿದು, ಮುಳ್ಳೋಡಿಯ ಕಡೆಗೆ ಜೀಪು ಹತ್ತಲು ಬೆಳಗಿನ ಆರು ಗಂಟೆಗೆ ಎದ್ದರೂ ತಡವಾಗುವುದಿಲ್ಲ.